ಮೂರನೇ ಟ್ಯಾಬಿನ ಕಾಗದ

ಟ್ರಾಯ್, ಮಿಷಿಗನ್
೧೫ ಫೆಬ್ರುವರಿ ೨೦೨೬, ಭಾನುವಾರ ಮಧ್ಯಾಹ್ನ

ಮುದ್ದು ಮಗಳು ಸುಚೇತಾಳಿಗೆ,

ನಿನ್ನ ಅಪ್ಪನ ಆಶೀರ್ವಾದ. ಹೇಗಿದ್ದೀಯ ಕಂದ? ಹೋದ ವಾರ ನಿನಗೆ ಗಂಟಲು ಕಟ್ಟಿಕೊಂಡು ಮಾತೇ ಹೊರಡುತ್ತಿರಲಿಲ್ಲ ಎಂದು ಅಮ್ಮ ಹೇಳಿದಳು. ಈಗ ವಾಸಿಯಾಯಿತೇ? ಮೆಣಸು ಜೀರಿಗೆ ಹುರಿದು ಕುಟ್ಟಿದ ಕಷಾಯದ ಪುಡಿ ನಿನ್ನ ಡಬ್ಬದಲ್ಲಿ ಇನ್ನೂ ಇರಬೇಕು, ಬೆಲ್ಲ ಹಾಕಿ ಕುದಿಸಿ ಕುಡಿ. ಷಿಕಾಗೊ ಪಕ್ಕದ ನಿಮ್ಮ ಎಲ್ಕ್ ಗ್ರೋವ್‌ನಲ್ಲಿ ಚಳಿ ಸೊನ್ನೆಗಿಂತ ಕೆಳಗೆ ಹೋಗಿತ್ತಂತೆ. ನಿಮ್ಮ ಬಾಡಿಗೆ ಮನೆಯ ಹೀಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ? ಚಳಿಗೆ ಕಾರಿನ ಟೈರಿನ ಗಾಳಿ ಇಳಿದಿರುತ್ತದೆ, ನೋಡಿಸು. ನಿನ್ನ ರೂಮ್‌ಮೇಟ್ ವಿನಿತಾ ಹೇಗಿದ್ದಾಳೆ? ಅವಳಿಗೆ ಅಡುಗೆ ಬರುವುದಿಲ್ಲ, ನಿನಗೆ ಬರುತ್ತದೆ ಎಂದು ನೀನು ಹೇಳಿಕೊಳ್ಳುತ್ತೀಯ. ಒಟ್ಟಿನಲ್ಲಿ ಇಬ್ಬರೂ ನೂಡಲ್ಸ್ ತಿಂದುಕೊಂಡು ಕಾಲೇಜು ಮುಗಿಸುತ್ತೀರಿ ಎಂಬುದು ನನ್ನ ಅನುಮಾನ. ನೋಡು, ಕ್ಷೇಮ ವಿಚಾರಿಸಲು ಕುಳಿತವನು ನಾಲ್ಕು ಸಾಲು ಬರೆಯುವಷ್ಟರಲ್ಲಿ ತಪಾಸಣೆ ಶುರುಮಾಡಿದೆ. ಕಾರಿನ ಬಿಡಿಭಾಗಗಳನ್ನು ಅಳೆದು ಅಳೆದು ಪಾಸು, ಫೇಲು ಎಂದು ಚೀಟಿ ಅಂಟಿಸುವ ಕೆಲಸ ಇಪ್ಪತ್ತು ವರ್ಷ ಮಾಡಿದವನ ಬುದ್ಧಿ, ಎಲ್ಲಿ ಹೋಗುತ್ತದೆ? ನೀನು ಆರೋಗ್ಯವಾಗಿದ್ದೀಯ ಎಂಬುದಷ್ಟೇ ನನಗೆ ಬೇಕು. ಅದನ್ನು ಅಮ್ಮನ ಹತ್ತಿರ ಹೇಳಿದರೂ ಸಾಕು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಇವತ್ತು ಶಿವರಾತ್ರಿ. ಅಮ್ಮ ಉಪವಾಸ ಇದ್ದುಕೊಂಡೇ ದೇವಸ್ಥಾನದಲ್ಲಿ ಪ್ರಸಾದದ ಕೆಲಸಕ್ಕೆ ಹೋಗಿದ್ದಾಳೆ. ಸಮರ್ಥನೂ ಉಪವಾಸವಂತೆ, ಎರಡು ಬಾಳೆಹಣ್ಣು, ಒಂದು ಪ್ಯಾಕೆಟ್ ಚಿಪ್ಸ್ ಮುಗಿಸಿ ಭಕ್ತಿಯಿಂದ ಅಮ್ಮನ ಜೊತೆ ಹೊರಟ. ನಾನು ಮಂಡಿನೋವು ಎಂದು ಉಳಿದುಕೊಂಡೆ. ಮಂಡಿ ಚೆನ್ನಾಗಿಯೇ ಇದೆ. ಈ ಕಾಗದ ಬರೆಯಲು ಒಬ್ಬನೇ ಇರಬೇಕಿತ್ತು. ಟಿವಿಯಲ್ಲಿ ಒಲಿಂಪಿಕ್ಸ್ ಬರುತ್ತಿದೆಯಲ್ಲ, ನಿನ್ನ ತಮ್ಮ ಹೆಂಗಸರ ಐಸ್ ಹಾಕಿ ಒಂದು ಪಂದ್ಯವನ್ನೂ ಬಿಡುತ್ತಿಲ್ಲ. ಅವನು ವಾಲ್ಯೂಮ್ ಜೋರಾಗಿ ಇಟ್ಟುಕೊಂಡು ನೋಡುವಾಗ ಸ್ಟಿಕ್ಕು ಬಡಿದ ಸದ್ದು ಕೇಳಿದರೆ ಸಾಕು, ನಾನು ಏನೋ ಹುಡುಕುವವನ ಹಾಗೆ ಗರಾಜಿಗೆ ಹೋಗುತ್ತೇನೆ. ಗರಾಜಿನ ಗೋಡೆಯಲ್ಲಿ ನಿನ್ನ ಸ್ಕೇಟ್ಸ್ ನೇತಾಡುತ್ತಿವೆ. ಅಲ್ಲಿಯೂ ನಿಲ್ಲಲಾಗದೆ ವಾಪಸ್ ಬರುತ್ತೇನೆ. ಮೊನ್ನೆ ಸಮರ್ಥ, ಅಪ್ಪಾ ಏನು ಹುಡುಕ್ತಾ ಇದೀರ ಹೇಳಿ, ನಾನೇ ತಂದ್ಕೊಡ್ತೀನಿ ಅಂದ. ಸ್ಕ್ರೂಡ್ರೈವರ್ ಅಂದೆ. ಈಗ ಮೇಜಿನ ಮೇಲೆ ನಾಲ್ಕು ಸ್ಕ್ರೂಡ್ರೈವರ್ ಇವೆ.

ಫೋನಿಗೆ ನೀನು ಸಿಗುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ. ತಪ್ಪು ನಿನ್ನದಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಎರಡು ತಿಂಗಳಲ್ಲ, ಎರಡು ವರ್ಷ ಮಾತಾಡುತ್ತಿರಲಿಲ್ಲ. ನನ್ನ ಕೋಪ ನಿನಗೆ ಗೊತ್ತಲ್ಲ. ಅದಕ್ಕೇ ಕೈಬರಹದ ಕಾಗದ. ಕನ್ನಡದಲ್ಲಿ ಯಾಕೆ ಎಂದು ಕೇಳುತ್ತೀಯ. ಶನಿವಾರದ ಕನ್ನಡ ಕ್ಲಾಸಿಗೆ ಅತ್ತುಕೊಂಡು ಹೋಗುತ್ತಿದ್ದವಳು ನೀನು, ಒತ್ತಕ್ಷರ ಎದುರಾದರೆ ಅದನ್ನು ಬಿಟ್ಟು ಮುಂದಕ್ಕೆ ಓದುತ್ತಿದ್ದೆ. ಅದನ್ನು ನೆನಪಿಟ್ಟುಕೊಂಡೇ ದೊಡ್ಡದಾಗಿ, ದುಂಡಗೆ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ನೀನು ಐದು ನಿಮಿಷದಲ್ಲಿ ಓದಿ ಮುಗಿಸುತ್ತಿದ್ದೆ. ಆದರೆ ಭಾರತದ ಐಸ್ ಹಾಕಿ ತಂಡದ ಶಿಬಿರಕ್ಕೆ ಬಾ ಎಂದು ಅವರು ನಿನ್ನನ್ನು ಕರೆದಾಗ, ನಿನಗೆ ಒಂದು ಮಾತೂ ಹೇಳದೆ ‘ಬೇಡ’ ಎಂದು ನಾನೇ ಉತ್ತರ ಕಳಿಸಿದೆನಲ್ಲ, ಅದನ್ನು ಬರೆದದ್ದು ಇಂಗ್ಲಿಷಿನಲ್ಲಿ. ಆಫೀಸಿನ ಇಂಗ್ಲಿಷಿನಲ್ಲಿ ಸುಳ್ಳು ಬರೆಯುವುದು ನನಗೆ ಸಲೀಸು, ಒಂದು ಸ್ಪೆಲಿಂಗ್ ಕೂಡ ತಪ್ಪುವುದಿಲ್ಲ. ಕನ್ನಡದಲ್ಲಿ ಬರೆಯಲು ಕುಳಿತರೆ ನಮ್ಮವ್ವ ಪಕ್ಕದಲ್ಲಿ ಕೂತು ನೋಡುತ್ತಿದ್ದಾಳೆ ಅನ್ನಿಸುತ್ತದೆ.

ನಿನಗೆ ಏಳು ವರ್ಷವಿದ್ದಾಗ ಯಾರದೋ ಬರ್ತ್‌ಡೇ ಪಾರ್ಟಿ ಅಂತ ಮೊದಲ ಸಲ ಐಸ್ ರಿಂಕಿಗೆ ಹೋದೆವು. ಮಿಕ್ಕ ಮಕ್ಕಳು ಗೋಡೆ ಹಿಡಿದುಕೊಂಡು ಅಳುತ್ತಿದ್ದವು, ನೀನು ನಡುವೆ ಹೋಗಿ ದಪದಪ ಬೀಳುತ್ತಿದ್ದೆ, ಬಿದ್ದಾಗೆಲ್ಲ ನಗುತ್ತಿದ್ದೆ. ಅಮ್ಮನಿಗೆ ನಿನ್ನನ್ನು ಭರತನಾಟ್ಯಕ್ಕೆ ಸೇರಿಸುವ ಆಸೆ ಇತ್ತು. ಆಡಲಿ ಬಿಡೇ ಲತಾ, ಚಳಿಗಾಲ ಕಳೆದರೆ ತಾನೇ ಬಿಡ್ತಾಳೆ ಅಂದವನು ನಾನು. ಆಮೇಲೆ ಹತ್ತು ಚಳಿಗಾಲ ಬೆಳಗಿನ ಜಾವ ಐದಕ್ಕೆ ಕಾರಿನ ಮೇಲಿನ ಹಿಮ ಕೆರೆದವನೂ ನಾನೇ. ಸ್ಕೇಟಿನ ಲೇಸನ್ನು ನನ್ನಷ್ಟು ಬಿಗಿಯಾಗಿ ಯಾರೂ ಕಟ್ಟುವುದಿಲ್ಲ ಎಂದು ನೀನು ಬೇರೆ ಅಪ್ಪಂದಿರ ಎದುರಿಗೇ ಹೇಳಿದ್ದೆ; ಆ ದಿನ ಆಫೀಸಿನಲ್ಲಿ ಒಂದು ಪಾರ್ಟನ್ನೂ ನಾನು ರಿಜೆಕ್ಟ್ ಮಾಡಲಿಲ್ಲ. ನಿನ್ನ ಹಾಕಿ ಬ್ಯಾಗಿನ ವಾಸನೆಗೆ ಅಮ್ಮ ಕಾರಿನಲ್ಲಿ ಊದುಬತ್ತಿ ಹಚ್ಚಬೇಕು ಅನ್ನುತ್ತಿದ್ದಳು. ಆಯುಧಪೂಜೆಯ ದಿನ ಹೊಸ ಕಾರಿನ ಚಕ್ರಕ್ಕೆ ಇಡುವ ಹಾಗೆ ನಿನ್ನ ಸ್ಕೇಟಿನ ಕೆಳಗೆ ಎರಡು ನಿಂಬೆಹಣ್ಣು ಇಟ್ಟು ತುಳಿಸಿದೆವು, ನೆನಪಿದೆಯಾ? ಬ್ಲೇಡಿಗೆ ಸಿಕ್ಕಿದ ನಿಂಬೆಹಣ್ಣು ಚಾಕುವಿನಲ್ಲಿ ಕೊಯ್ದಷ್ಟು ನೀಟಾಗಿ ಎರಡು ಹೋಳಾಯಿತು. ಮಾರನೆಯ ದಿನ ಸ್ಟಿಕ್ಕಿನ ಮೇಲಿದ್ದ ಕುಂಕುಮ ನೋಡಿ ನಿಮ್ಮ ಕೋಚ್, ಯಾರಿಗೆ ಗಾಯವಾಯಿತು ಎಂದು ಗಾಬರಿಯಾಗಿದ್ದರು.

ಹನ್ನೆರಡನೇ ವಯಸ್ಸಿನಲ್ಲಿ ನಿನಗೆ ಮೊದಲ ಮೆಡಲ್ ಬಂದದ್ದು ನೀನೀಗ ಇರುವ ಷಿಕಾಗೊ ಕಡೆಯಲ್ಲೇ. ಮುನ್ನೂರು ಮೈಲಿ, ದಾರಿಯುದ್ದಕ್ಕೂ ಹಿಮ. ಬೆಂಟನ್ ಹಾರ್ಬರ್ ಹತ್ತಿರ ಮುಂದಿನ ಟ್ರಕ್ಕೇ ಕಾಣಿಸುತ್ತಿರಲಿಲ್ಲ, ಮೂವತ್ತು ಮೈಲಿ ಸ್ಪೀಡಿನಲ್ಲಿ ತೆವಳಿಕೊಂಡು ಹೋದೆವು. ನೀನು ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ ಅಪ್ಪಿಕೊಂಡು ಮಲಗಿದ್ದೆ. ನಾನು ಸ್ಟೀರಿಂಗಿಗೆ ಮೂಗು ತಾಗುವಷ್ಟು ಬಗ್ಗಿ ಓಡಿಸುತ್ತಿದ್ದೆ, ಆದರೂ ವಾಪಸ್ ಹೋಗೋಣ ಎಂದು ಒಂದು ಸಲವೂ ಅನ್ನಿಸಲಿಲ್ಲ. ಎರಡನೇ ಸ್ಥಾನದ ಮೆಡಲನ್ನು ಅಮ್ಮ ದೇವರ ಮನೆಯ ಆಂಜನೇಯನ ಫೋಟೊಗೆ ಹಾಕಿದಳು. ಸರ್ಟಿಫಿಕೇಟನ್ನು ನಾನು ಮೂರು ಕಾಪಿ ತೆಗೆದು ಫೈಲಿಗೆ ಸೇರಿಸಿದೆ. ನಮ್ಮ ಮನೆಯಲ್ಲಿ ಯಾವ ಕಾಗದಕ್ಕಾದರೂ ಮೂರು ಕಾಪಿ ಆಗಲೇಬೇಕು. ಅಪ್ಪ ಚಪಾತಿಗೂ ಕಾಪಿ ತೆಗೆದಿಡ್ತಾರೆ ಎಂದು ನೀನೂ ಸಮರ್ಥನೂ ನಗುತ್ತಿದ್ದಿರಿ. ನಗಿ. ಆದರೆ ವೀಸಾದಲ್ಲಿ ಹದಿನೈದು ವರ್ಷ ಕಳೆದವನಿಗೆ ಈ ದೇಶ ಕಲಿಸಿದ್ದು ಒಂದೇ ಪಾಠ: ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ.

ಈಗ ಪಾಸ್‌ಪೋರ್ಟಿನ ವಿಚಾರ. ಸಮರ್ಥ ಇಲ್ಲಿ ಹುಟ್ಟಿದವನು, ಅಮೆರಿಕದ ಪ್ರಜೆ. ನೀನು ಮೈಸೂರಿನಲ್ಲಿ ಹುಟ್ಟಿ, ಮೂರು ವರ್ಷ ತುಂಬುವ ಮೊದಲು ನನ್ನ ವೀಸಾದ ಬಾಲ ಹಿಡಿದು ಬಂದವಳು. ಏರ್‌ಪೋರ್ಟಿನಲ್ಲಿ ಅವನು ಒಂದು ಸಾಲು, ನೀನು ನಮ್ಮ ಜೊತೆ ಇನ್ನೊಂದು ಸಾಲು. ಚಿಕ್ಕವಳಿದ್ದಾಗ ನೀನು ಅದಕ್ಕೆ ಅಳುತ್ತಿದ್ದೆ, ತಮ್ಮನ ಪಾಸ್‌ಪೋರ್ಟ್ ನನಗೂ ಬೇಕು ಎಂದು. ಹತ್ತನೇ ಗ್ರೇಡಿನಲ್ಲಿ ನೀನೇ ಎಲ್ಲೋ ಓದಿಕೊಂಡು ಬಂದು ಹೇಳಿದೆ: ಭಾರತದ ಹೆಂಗಸರ ಐಸ್ ಹಾಕಿ ತಂಡ ಒಂದಿದೆ, ಲಡಾಖಿನ ಹುಡುಗಿಯರು ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡಿ ಕಲಿತಿದ್ದಾರೆ, ಭಾರತದ ಪಾಸ್‌ಪೋರ್ಟ್ ಇರುವವರು ಮಾತ್ರ ಆ ತಂಡಕ್ಕೆ ಆಡಬಹುದು. ಅಂದರೆ ಸಮರ್ಥ ಆಡೋ ಹಾಗಿಲ್ಲ, ನಾನು ಆಡಬಹುದು ಎಂದು ಕುಣಿದೆ. ಆ ಮೂರು ಸಿಂಹದ ಪುಸ್ತಕ ನಿನಗೆ ಉಪಯೋಗಕ್ಕೆ ಬರುತ್ತದೆ ಎಂದು ಖುಷಿಪಟ್ಟದ್ದು ಅದೇ ಮೊದಲು. ಎರಡು ವರ್ಷದ ಮೇಲೆ ನಿನ್ನ ಆಟದ ವಿಡಿಯೋ ನೀನೇ ಕತ್ತರಿಸಿ ಜೋಡಿಸಿ ಅವರಿಗೆ ಕಳಿಸಿದೆ. ನಿನಗೆ ಆಗ ಹದಿನೇಳು. ಪೋಷಕರ ಇ-ಮೇಲ್ ಎಂದು ಕೇಳಿದ ಜಾಗದಲ್ಲಿ ನನ್ನದನ್ನು ಹಾಕಿದೆ. ನಂಬಿಕೆಯಿಂದ ಹಾಕಿದ್ದೆ ಕಣೇ.

ಹೋದ ವರ್ಷ ಫೆಬ್ರುವರಿಯಲ್ಲಿ ಮೇಲ್ ಬಂತು. ಏಷ್ಯಾ ಕಪ್ಪಿಗೆ ತಂಡ ಆರಿಸುವ ಕೊನೆಯ ಶಿಬಿರ, ಮೂರು ವಾರ ಭಾರತದಲ್ಲಿ, ಹುಡುಗಿಯ ಡಿಫೆನ್ಸ್ ನಮಗೆ ಇಷ್ಟವಾಯಿತು, ಕಳಿಸಿಕೊಡಿ ಎಂದು ಬರೆದಿದ್ದರು. ಕ್ಯಾಂಟೀನಿನಲ್ಲಿ ಮೊಸರನ್ನದ ಡಬ್ಬಿ ತೆರೆದುಕೊಂಡು ಕೂತಿದ್ದೆ. ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ನಿನಗೆ ಫೋನ್ ಮಾಡಲು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಗ್ರೀನ್ ಕಾರ್ಡಿನ ಭೂತ ಹೆಗಲೇರಿತು. ಅರ್ಜಿ ಬಾಕಿ ಇರುವವರು ದೇಶ ಬಿಟ್ಟು ಹೋಗಿ ಬರಬೇಕಾದರೆ ಅನುಮತಿ ಪತ್ರ ಬೇಕು, ಇಲ್ಲದಿದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ. ನಿನ್ನ ಅನುಮತಿ ಪತ್ರ ಬಂದು ಆರು ತಿಂಗಳಾಗಿತ್ತು, ಫೈಲಿನಲ್ಲಿ ಭದ್ರವಾಗಿತ್ತು. ಲಾಯರಿಗೆ ಫೋನ್ ಮಾಡಿದೆ. ಕಾಗದ ಸರಿಯಿದೆ, ಹೋಗಿ ಬರಬಹುದು, ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ, ಆದರೆ ಆಗುವುದೇ ಇಲ್ಲ ಎಂದು ಬರೆದುಕೊಡಲಾರೆ ಎಂದರು. ನನ್ನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು ಮಾತ್ರ. ಹಿಂದಿನ ವಾರವಷ್ಟೇ ದೇವಸ್ಥಾನದ ಊಟದ ಸಾಲಿನಲ್ಲಿ ಯಾರೋ ಹೇಳಿದ್ದರು, ಅವರ ಪರಿಚಯದವರ ಮಗನನ್ನು ಏರ್‌ಪೋರ್ಟಿನಲ್ಲಿ ಐದು ಗಂಟೆ ಕೂರಿಸಿದ್ದರಂತೆ. ಐದು ಗಂಟೆ ಆದಮೇಲೆ ಬಿಟ್ಟರು ಎಂಬುದನ್ನೂ ಅವರು ಹೇಳಿದ್ದರು. ಅದು ನನಗೆ ಬೇಕಾಗಿರಲಿಲ್ಲ.

ಒಂದು ದಿನ ಮೇಲನ್ನು ಹಾಗೇ ಇಟ್ಟುಕೊಂಡಿದ್ದೆ. ಮಾರನೆಯ ದಿನ ಉತ್ತರ ಬರೆದೆ. ನನ್ನ ಮಗಳು ಓದಿನ ಕಡೆ ಗಮನ ಕೊಡುತ್ತಿದ್ದಾಳೆ, ಆಕೆಗೆ ಈಗ ಇದರಲ್ಲಿ ಆಸಕ್ತಿ ಇಲ್ಲ, ನಿಮ್ಮ ತಂಡಕ್ಕೆ ಶುಭವಾಗಲಿ. ಮೂರೇ ಸಾಲು. ಅಪ್ಪನಿಗೆ ಹೆದರಿಕೆ ಎಂದು ಬರೆಯಬಹುದಿತ್ತು, ಅದು ನಿಜವಾಗುತ್ತಿತ್ತು. ಅದರ ಬದಲು ನಿನಗೆ ಆಸಕ್ತಿ ಇಲ್ಲ ಎಂದು ಬರೆದೆ. ಊಟ ನಿದ್ದೆ ಬಿಟ್ಟು ಆಡುತ್ತಿದ್ದವಳ ಹೆಸರಿನಲ್ಲಿ. ಅಮ್ಮನಿಗೂ ಹೇಳಲಿಲ್ಲ, ಹೇಳಿದ್ದರೆ ಅವಳೇ ಟಿಕೆಟ್ ತೆಗೆದು ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಆಮೇಲೆ ಏನು ಮಾಡಿದೆ ಗೊತ್ತಾ? ಅವರ ಮೇಲನ್ನೂ ನನ್ನ ಉತ್ತರವನ್ನೂ ಪ್ರಿಂಟ್ ತೆಗೆದು, ತೂತು ಹೊಡೆದು, ಮೂಲೆಯಲ್ಲಿ ತಾರೀಕು ಹಾಕಿ ನಿನ್ನ ಫೈಲಿನ ಮೂರನೇ ಟ್ಯಾಬಿನಲ್ಲಿ ಸೇರಿಸಿದೆ, ಚುಚ್ಚುಮದ್ದಿನ ದಾಖಲೆಯ ಹಿಂದೆ. ಕಳ್ಳತನ ಮಾಡಿ ರಸೀದಿ ಇಟ್ಟುಕೊಂಡ ಕಳ್ಳ ಈ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು. ಕೈಗೆ ಅದು ಅಭ್ಯಾಸವಾಗಿಬಿಟ್ಟಿತ್ತು, ತಲೆಯನ್ನು ಕೇಳಲೇ ಇಲ್ಲ.

ನೀನು ಮಾತ್ರ ದಿನಾ ಸಂಜೆ ನಾನು ಬೂಟು ಬಿಚ್ಚುವ ಮೊದಲೇ, ಮೇಲ್ ಬಂತಾ ಅಪ್ಪಾ ಎಂದು ಕೇಳುತ್ತಿದ್ದೆ. ಇಲ್ಲಮ್ಮ ಅನ್ನುತ್ತಿದ್ದೆ. ಏಪ್ರಿಲ್ ಹೊತ್ತಿಗೆ ನೀನು ಕೇಳುವುದನ್ನು ಬಿಟ್ಟೆ. ನನ್ನ ಮುಖವನ್ನಷ್ಟೇ ನೋಡುತ್ತಿದ್ದೆ. ನಾನು ಬಾಗಿಲ ಹತ್ತಿರ ಕೂತು ಬೂಟಿನ ಲೇಸನ್ನೇ ನೋಡಿಕೊಂಡು ಬಿಚ್ಚುತ್ತಿದ್ದೆ.

ಜೂನ್‌ನಲ್ಲಿ ಅರಬ್ ದೇಶದಲ್ಲಿ ಪಂದ್ಯಗಳು ನಡೆದವಲ್ಲ, ಕೊನೆಯ ದಿನ ನಾನು ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಫೋನಿನಲ್ಲಿ ನೋಡಿದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಮ್ಮ ಹುಡುಗಿಯರು ಎಂಥ ಆಟ ಆಡಿದರು ಅಂತೀಯ! ನಿನ್ನ ನಂಬರ್ ಇಪ್ಪತ್ತೇಳನ್ನು ಹುಡುಕುತ್ತಿದ್ದೆ, ಎಲ್ಲೂ ಕಾಣಿಸಲಿಲ್ಲ. ಕಾಣಿಸದಿದ್ದರೆ ಅದಕ್ಕೇನೂ ಅರ್ಥವಿಲ್ಲ, ನನಗೆ ಗೊತ್ತು. ಆದರೂ ಯಾರೋ ಆ ನಂಬರನ್ನು ನಿನಗಾಗಿ ಇಟ್ಟಿದ್ದರೇನೋ ಅನ್ನಿಸಿ ಸಂಕಟವಾಯಿತು. ಕಂಚಿನ ಪದಕ ಹಾಕಿಸಿಕೊಂಡು ಧ್ವಜ ಹೊದ್ದು ಅವರು ಅಳುತ್ತಿದ್ದರೆ ಕಾರಿನಲ್ಲಿ ನಾನೂ ಅತ್ತೆ. ಅವರದು ಸಂತೋಷದ ಅಳು. ಸಂಜೆ ಊಟಕ್ಕೆ ಕೂತಾಗ ನೀನು ಅವರ ಫೋಟೊವನ್ನು ನನಗೆ ತೋರಿಸಿದೆ. ಎಷ್ಟು ಚೆನ್ನಾಗಿ ಆಡ್ತಾರೆ ನೋಡಿ ಅಪ್ಪಾ, ನಾನು ಅಷ್ಟು ಒಳ್ಳೇ ಪ್ಲೇಯರ್ ಅಲ್ಲ ಅನ್ಸುತ್ತೆ, ಪರವಾಗಿಲ್ಲ ಅಂದೆ. ಅದೇ ಸರಿಯಾದ ಹೊತ್ತು ಆಗಿತ್ತು ಕಂದ. ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಮುಂದಿನ ಸಲ ನೋಡೋಣ ಬಿಡು ಅಂದೆ. ಆ ಮಾತು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ ಬರುತ್ತದೆ.

ಅದಾಗಿ ಎರಡೇ ತಿಂಗಳಿಗೆ ಗ್ರೀನ್ ಕಾರ್ಡುಗಳು ಬಂದವು. ಹನ್ನೆರಡು ವರ್ಷ ಕಾದದ್ದು ಒಂದು ಸಾದಾ ಲಕೋಟೆಯಲ್ಲಿ, ಅಂಗಡಿಗಳ ಕೂಪನ್ನುಗಳ ನಡುವೆ. ಅಮ್ಮ ಹೋಳಿಗೆ ಮಾಡಿದಳು, ನಾನು ಸ್ನೇಹಿತರನ್ನು ಕರೆದೆ. ನೀನು ಮಹಡಿಯಿಂದ ಇಳಿದು ಬಂದು ಕಾರ್ಡ್ ಇಸಿದುಕೊಂಡು ಥ್ಯಾಂಕ್ಯೂ ಅಪ್ಪಾ ಎಂದು ವಾಪಸ್ ಹೋದೆ. ಆ ವಾರವೇ ನಿನ್ನ ಹಾಕಿ ಬ್ಯಾಗನ್ನು ರಿಂಕಿನಲ್ಲಿ ಬಡ ಮಕ್ಕಳಿಗೆಂದು ಇಟ್ಟಿರುವ ಡಬ್ಬಕ್ಕೆ ಹಾಕಿ ಬಂದೆ. ಪ್ಯಾಡು, ಹೆಲ್ಮೆಟ್ಟು, ಸ್ಟಿಕ್ಕು ಎಲ್ಲ. ಸ್ಕೇಟ್ಸನ್ನು ಮಾತ್ರ ಬ್ಯಾಗಿನಿಂದ ಮೊದಲೇ ತೆಗೆದು ಬಚ್ಚಿಟ್ಟಿದ್ದವನು ನಾನು. ಆರು ತಿಂಗಳು ಮೊದಲು ಹೆದರದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುವುದನ್ನೂ ಈಗ ಬಿಟ್ಟಿದ್ದೇನೆ. ಕಾರ್ಡ್ ಬರದೇ ಹೋಗಿದ್ದರೂ ನಾನು ಮಾಡಿದ್ದು ತಪ್ಪೇ ಆಗಿರುತ್ತಿತ್ತು.

ಡಿಸೆಂಬರ್ ರಜೆಯಲ್ಲಿ ನೀನು ಬಂದಾಗ ಕಾಲೇಜಿಗೆ ಚುಚ್ಚುಮದ್ದಿನ ದಾಖಲೆ ಬೇಕು ಅಂದೆ. ನಾನು ಅಂಗಡಿಯಲ್ಲಿ ಹುರುಳಿಕಾಯಿ ಆರಿಸುತ್ತಾ ಫೋನಿನಲ್ಲಿ, ಮೂರನೇ ಟ್ಯಾಬಿನಲ್ಲಿದೆ ತಗೋ ಮಗಾ, ತಗೊಂಡ ಮೇಲೆ ಮತ್ತೆ ಅದೇ ಜಾಗದಲ್ಲಿ ಇಡು ಎಂದು ತಾಕೀತು ಬೇರೆ ಮಾಡಿದೆ. ಮರೆತೇಹೋಗಿತ್ತು. ಮನೆಗೆ ಬಂದರೆ ಊಟದ ಮೇಜಿನ ಮೇಲೆ ಆ ಎರಡು ಹಾಳೆ, ಉಪ್ಪಿನ ಡಬ್ಬಿಯ ಕೆಳಗೆ, ಹೀಟರಿನ ಗಾಳಿಗೆ ಹಾರದ ಹಾಗೆ. ಅಮ್ಮ ಓದಿ ಮುಗಿಸಿ ನಿಂತಿದ್ದಳು. ನೀನು ಮೆಟ್ಟಿಲ ಮೇಲೆ ಕೂತಿದ್ದೆ. ಯು ಕುಡ್ ಹ್ಯಾವ್ ಜಸ್ಟ್ ಸೆಡ್ ನೋ, ಅಪ್ಪಾ ಅಂದೆ, ಅಷ್ಟೇ. ಬೇಡ ಎಂದು ನಿನ್ನ ಮುಖ ನೋಡಿ ಹೇಳಿದ್ದರೆ ನೀನು ಜಗಳವಾಡುತ್ತಿದ್ದೆ, ಒಂದು ವಾರ ಊಟ ಬಿಡುತ್ತಿದ್ದೆ, ಆದರೂ ನಾನು ನಿನ್ನ ಅಪ್ಪನಾಗಿಯೇ ಇರುತ್ತಿದ್ದೆ. ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ನಿನ್ನ ಒಳ್ಳೇದಕ್ಕೇ ಮಾಡಿದ್ದು ಎಂದು ಮನೆ ಹಾರಿಹೋಗುವಂತೆ ಕೂಗಿದೆ. ಸಮರ್ಥ ಹೆದರಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಬೆಳಗ್ಗೆ ನಾನು ಏಳುವಷ್ಟರಲ್ಲಿ ನೀನು ಹೊರಟುಹೋಗಿದ್ದೆ. ಕಾರಿನ ಹಿಮವನ್ನು ನೀನೇ ಕೆರೆದುಕೊಂಡಿದ್ದೆ. ಡ್ರೈವ್‌ವೇಯಲ್ಲಿ ಅದರ ಗುಡ್ಡೆ ಎರಡು ದಿನ ಹಾಗೇ ಇತ್ತು, ಅದರ ಪಕ್ಕದಲ್ಲೇ ನನ್ನ ಕಾರು ನಿಲ್ಲಿಸುತ್ತಿದ್ದೆ.

ಇನ್ನು ನಿನ್ನ ಅಜ್ಜಿಯ ಸುದ್ದಿ. ಇದನ್ನು ಓದಿ ನೀನು ನಗಬಹುದು, ಕೋಪ ಮಾಡಿಕೊಂಡರೂ ಸರಿ. ಹೋದ ಜೂನ್‌ನಲ್ಲಿ ಮಂಡ್ಯದಿಂದ ನಿನ್ನ ಚಿಕ್ಕಪ್ಪ ವಿಡಿಯೋ ಕಾಲ್ ಮಾಡಿಕೊಟ್ಟಾಗ ಅವ್ವ ಪೇಪರಿನಲ್ಲಿ ಬಂದ ತಂಡದ ಫೋಟೊ ಹಿಡಿದುಕೊಂಡಿತ್ತು. ಇದ್ರಲ್ಲಿ ನಮ್ ಸುಚೇತ ಯಾವ್ದಪ್ಪಾ ಅಂತ ಕೇಳಿತು. ನೀನು ಭಾರತಕ್ಕೆ ಆಡುತ್ತೀಯ ಎಂದು ಹಿಂದಿನ ವರ್ಷ ನಾನೇ ಜಂಬ ಕೊಚ್ಚಿಕೊಂಡಿದ್ದೆನಲ್ಲ. ನಾನು ಮಾತು ತೇಲಿಸಿದೆ. ಮೂಲೆಯಲ್ಲಿ ಹೆಲ್ಮೆಟ್ ತೆಗೆಯದೆ ನಿಂತಿದ್ದ ಒಬ್ಬಳನ್ನು ತೋರಿಸಿ, ಇದೇ ಕಣ್ ಬುಡು, ನಿಂತ್ಕಳದು ನೋಡಿದ್ರೆ ಗೊತ್ತಾಗಾಕಿಲ್ವಾ ಎಂದು ನಿನ್ನ ಅಜ್ಜಿ ಚಿಕ್ಕತಾಯಮ್ಮನವರು ತೀರ್ಮಾನ ಕೊಟ್ಟುಬಿಟ್ಟರು. ಫೋಟೊ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡು ಬೀದಿಯವರಿಗೆಲ್ಲ ತೋರಿಸಿದ್ದಾಯಿತು. ಆರು ತಿಂಗಳು ನಾನು ತಿದ್ದಲಿಲ್ಲ. ಹೋದ ತಿಂಗಳು ಧೈರ್ಯ ಮಾಡಿ ಎಲ್ಲ ಹೇಳಿದೆ. ಅವ್ವ, ನಿಮ್ಮಪ್ಪ ನಿನ್ನೂ ಹಿಂಗೇ ಕಟ್ಟಾಕಂಡಿದ್ರೆ ನೀ ಆ ದೇಸುಕ್ಕೆ ಹೋಯ್ತಿದ್ದಾ ಎಂದು ಕೇಳಿತು. ಆ ಫೋಟೊ ತೆಗೆದುಬಿಡವ್ವಾ ಅಂದೆ. ನಾ ಕೀಳಾಕಿಲ್ಲ, ಕೂಸು ಆಡ್ದಾಗ ಬ್ಯಾರೆ ಪಟ ಅಂಟುಸ್ತೀನಿ ಎಂದು ಫೋನನ್ನು ಚಿಕ್ಕಪ್ಪನ ಕೈಗೆ ಕೊಟ್ಟುಬಿಟ್ಟಿತು.

ಶಿಬಿರಕ್ಕೆ ಹೋಗಿದ್ದರೆ ನೀನು ತಂಡದಲ್ಲಿ ಇರುತ್ತಿದ್ದೆ, ನಿನ್ನ ಕೊರಳಿಗೆ ಆ ಕಂಚು ಬೀಳುತ್ತಿತ್ತು ಎಂದು ನಾನು ಹೇಳಲಾರೆ. ಇಪ್ಪತ್ತು ಜನ ಗೆದ್ದುಕೊಂಡದ್ದು ಅದು, ಕಷ್ಟಪಟ್ಟವರದು. ಆರಿಸದೇ ವಾಪಸ್ ಕಳಿಸಿದ್ದರೂ ಕಳಿಸಬಹುದಿತ್ತು. ಆಗ ನೀನು ಸೋತು ಬರುತ್ತಿದ್ದೆ, ನಾನು ಏರ್‌ಪೋರ್ಟಿಗೆ ಬಂದು ಬ್ಯಾಗ್ ಎತ್ತಿಕೊಳ್ಳುತ್ತಿದ್ದೆ, ದಾರಿಯಲ್ಲಿ ಕೋಚನ್ನು ಇಬ್ಬರೂ ಸೇರಿ ಬೈಯುತ್ತಿದ್ದೆವು. ಆ ಸೋಲನ್ನೂ ನಿನ್ನಿಂದ ಕಿತ್ತುಕೊಂಡೆ. ಆಡದೇ ಸೋತವಳನ್ನಾಗಿ ಮಾಡಿ, ಅಷ್ಟು ಒಳ್ಳೇ ಪ್ಲೇಯರ್ ಅಲ್ಲ ನಾನು ಎಂದು ನಿನ್ನ ಬಾಯಲ್ಲೇ ಹೇಳಿಸಿದೆ. ಅದೇ ನನ್ನ ದೊಡ್ಡ ತಪ್ಪು. ನೀನು ಒಳ್ಳೇ ಪ್ಲೇಯರ್ ಸುಚೇತಾ. ಅವರು ಹಾಗೆಂದು ಬರೆದಿದ್ದರು, ಅದನ್ನು ಮೊದಲು ಓದಿದವನು ನಾನು. ತಪ್ಪಾಯಿತು ಮಗಳೇ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ನೀನು ಪಾಪ ಅನ್ನಿಸಿ ಕ್ಷಮಿಸಿಬಿಡುತ್ತೀಯ. ನಿನಗೆ ಎಷ್ಟು ದಿನ ಬೇಕೋ ಅಷ್ಟು ದಿನ ಕೋಪ ಇಟ್ಟುಕೋ.

ನೀನು ಭಾನುವಾರಗಳಲ್ಲಿ ಬಾಡಿಗೆ ಸ್ಕೇಟ್ಸ್ ಹಾಕಿಕೊಂಡು ರಿಂಕಿಗೆ ಹೋಗುತ್ತೀಯ ಎಂದು ವಿನಿತಾ ಅಮ್ಮನಿಗೆ ಹೇಳಿದಳಂತೆ. ಅವಳನ್ನು ಬೈಯಬೇಡ, ಬಾಯಿ ಜಾರಿ ಬಂದ ಮಾತು. ನಿನ್ನ ಸ್ಕೇಟ್ಸ್ ಸಾಣೆ ಹಿಡಿಸಿದ್ದೇನೆ. ಮುಂದಿನ ಶನಿವಾರ ಅಮ್ಮನೂ ಸಮರ್ಥನೂ ನಿನ್ನನ್ನು ನೋಡಲು ಬರುವಾಗ ತರುತ್ತಾರೆ. ಕಾಲು ಬೆಳೆದಿರಲಾರದು ಎಂದುಕೊಂಡಿದ್ದೇನೆ. ನಾನು ಬರುವುದಿಲ್ಲ, ನೀನು ಬಾ ಅಂದಾಗ ಬರುತ್ತೇನೆ. ಲೇಸನ್ನು ನೀನೇ ಕಟ್ಟಿಕೊಳ್ಳಬೇಕಾಗುತ್ತದೆ. ಪಾದದ ಗಂಟಿನ ಹತ್ತಿರ ಇನ್ನೊಂದು ಸುತ್ತು ಬಿಗಿ.

ಆರೋಗ್ಯ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ವಿನಿತಾಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಕಾಲ ಕೆಳಗಿನ ಐಸು ಗಟ್ಟಿಯಾಗಿರಲಿ, ಬಿದ್ದರೂ ನಗುವ ನಿನ್ನ ಹಳೆಯ ಅಭ್ಯಾಸ ಹೋಗದಿರಲಿ ಎಂದು ಇವತ್ತು ಶಿವನಲ್ಲಿ ಬೇಡಿಕೊಂಡಿದ್ದೇನೆ.

ಇಂತಿ,
ನಿನ್ನ ಅಪ್ಪ
ವಿಜಯ್ ಕುಮಾರ್

ತಾ.ಕ.: ಅಮ್ಮನ ಕಾರಿನ ಸದ್ದಾಯಿತು, ಬೇಗ ಮುಗಿಸುತ್ತೇನೆ. ಇದೇ ಕವರಿನಲ್ಲಿ ನಿನ್ನ ಪಾಸ್‌ಪೋರ್ಟ್ ಇದೆ. ಜೂನ್‌ಗೆ ಅವಧಿ ಮುಗಿಯುತ್ತದೆ. ನಿನಗೆ ಹದಿನೆಂಟು ತುಂಬಿದೆ, ಹೊಸದು ಮಾಡಿಸಲು ಅಪ್ಪನ ಸಹಿ ಬೇಕಾಗಿಲ್ಲ. ಹೋದ ತಿಂಗಳು ಭಾರತ ತಂಡದ ಕೋಚಿಗೆ ನಡೆದದ್ದನ್ನು ನಡೆದ ಹಾಗೇ ಬರೆದೆ. ಗುರುವಾರ ಎರಡು ಸಾಲು ಉತ್ತರ ಬಂತು: ಈ ವರ್ಷದ ತಂಡ ಆಗಿಹೋಗಿದೆ, ಮುಂದಿನದ್ದು ಏನೂ ಹೇಳಲಾರೆ, ಏನಿದ್ದರೂ ಇನ್ನು ನಿಮ್ಮ ಜೊತೆ ಮಾತಿಲ್ಲ, ಹುಡುಗಿಯೇ ಬರೆಯಲಿ. ಅವರ ವಿಳಾಸ ಪಾಸ್‌ಪೋರ್ಟಿನೊಳಗಿನ ಚೀಟಿಯಲ್ಲಿದೆ. ಬರೆಯುತ್ತೀಯೋ ಬಿಡುತ್ತೀಯೋ, ಮುಂದೆ ಆ ಮೂರು ಸಿಂಹವನ್ನು ಇಟ್ಟುಕೊಳ್ಳುತ್ತೀಯೋ ಬಿಡುತ್ತೀಯೋ, ನಿನ್ನಿಷ್ಟ. ಪಾಸ್‌ಪೋರ್ಟನ್ನು ಮಾತ್ರ ಕಳೆದುಕೊಳ್ಳಬೇಡ ಮಗಾ. ನಾನು ಒಂದು ಕಾಪಿಯನ್ನೂ ಇಟ್ಟುಕೊಂಡಿಲ್ಲ.